ಹನ್ನೊಂದು ಹಿಟ್

ಮಾರ್ಚ್ ತಿಂಗಳ ಮೊದಲ ಭಾನುವಾರ ಮಧ್ಯಾಹ್ನ, ತಮಾಯೊಳ ಉಡೋನ್ ಶಾವಿಗೆ ಅಂಗಡಿಯ ಮಹಡಿಯಲ್ಲಿ ನಮ್ಮ ಬೀದಿಯ ಬೇಸ್‌ಬಾಲ್ ತಂಡ ಸೇರಿತ್ತು. ಹೊಸ ಮ್ಯಾನೇಜರ್ ಕುರೊಕಾವಾ ಬಿಳಿ ಹಲಗೆಯ ಮೇಲೆ ಈ ವರ್ಷದ ಬ್ಯಾಟಿಂಗ್ ಸರದಿ ಬರೆಯುತ್ತಿದ್ದ. ಒಂದು, ಎರಡು, ಮೂರು ಆಯಿತು. ನಾಲ್ಕಕ್ಕೆ ಬಂದಾಗ ನಾನು ಚಹಾ ಬಟ್ಟಲು ಕೆಳಗಿಟ್ಟೆ. ಹದಿನೆಂಟು ವರ್ಷದಿಂದ ಆ ಜಾಗದಲ್ಲಿ ನನ್ನ ಗಂಡ ಇಸಾವೊನ ಹೆಸರೇ ಇದ್ದದ್ದು. ಕುರೊಕಾವಾ ಬರೆದದ್ದು ಮೀನಂಗಡಿ ಸೊಗಾನ ಹೆಸರು.

ಐದು, ಆರು, ಏಳು. ಒಂಬತ್ತು ಮುಗಿದರೂ ಇಸಾವೊ ಬರಲಿಲ್ಲ. ಹಲಗೆಯ ಮೂಲೆಯಲ್ಲಿ ಒಂದು ಗೀಟು ಎಳೆದು, ಅದರ ಕೆಳಗೆ ಬದಲಿ ಆಟಗಾರರ ಪಟ್ಟಿಯಲ್ಲಿ ಅವನ ಹೆಸರು ಬರೆದ.

ನಾಲ್ಕನೇ ನಂಬರು ಅಂದರೆ ಹುಡುಗಾಟವಲ್ಲ. ಮೊದಲ ಮೂವರು ಹೇಗೋ ಒದ್ದಾಡಿ ಬೇಸ್ ಸೇರಿ ನಿಂತಿರುತ್ತಾರೆ; ಚೆಂಡು ಹೊಡೆದು ಅವರನ್ನೆಲ್ಲ ಮನೆ ಮುಟ್ಟಿಸಿ ರನ್ ತರುವವನು ನಾಲ್ಕನೆಯವನು. ತತಾಮಿ ಚಾಪೆ ಹೊಲಿಯುವ ನನ್ನ ಗಂಡನಿಗೆ ಬೀದಿಯಲ್ಲಿ ಬೇರೆ ಬಿರುದಿಲ್ಲ, ಇದೊಂದೇ.

"ಇಸಾವೊ ಅವರೇ, ದಯವಿಟ್ಟು ತಪ್ಪು ತಿಳ್ಕೋಬೇಡಿ," ಎಂದು ಕುರೊಕಾವಾ ಇಸಾವೊನ ಕಡೆ ಸೊಂಟ ಬಗ್ಗಿಸಿದ. "ನಾನು ಈ ಊರಿಗೆ ಬಂದು ನಾಲ್ಕು ತಿಂಗಳಾಯ್ತು. ನಿಮ್ಮ ಆಟ ಒಂದನ್ನೂ ನೋಡಿಲ್ಲ. ನನಗೆ ಗೊತ್ತಿರೋದು ಪುಸ್ತಕ ಒಂದೇ. ಹೋದ ವರ್ಷ ನಲವತ್ತೆರಡು ಸಲ ಬ್ಯಾಟ್ ಹಿಡಿದು ಐದು ಹಿಟ್ ಅಂತಿದೆ."

ಅವನು ಔಷಧಿ ಅಂಗಡಿಯ ಅಳಿಯ, ಗುಳಿಗೆ ಎಣಿಸಿ ಎಣಿಸಿ ಅಭ್ಯಾಸವಾದವನು. ಹಳೆಯ ಮ್ಯಾನೇಜರ್ ಸ್ಕೋರ್ ಪುಸ್ತಕವನ್ನು ಬಿಸಿ ಪಾತ್ರೆಯ ಕೆಳಗಿಡುವುದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಮುಟ್ಟಿದವರಲ್ಲ. ಈ ಪುಣ್ಯಾತ್ಮ ಹಾಳೆ ಹಾಳೆ ಓದಿ ಲೆಕ್ಕ ಹಾಕಿಕೊಂಡು ಬಂದಿದ್ದ.

"ಒಂದು ಮಾತ್ರ ನನಗೆ ಅರ್ಥವಾಗಿಲ್ಲ," ಎಂದು ಅವನು ಕನ್ನಡಕ ಸರಿಮಾಡಿಕೊಂಡ. "ಇಸಾವೊ ಅವರನ್ನ ಬಿಟ್ಟು ಬೇರೆ ಎಲ್ಲರದೂ ಭರ್ಜರಿ ಸರಾಸರಿ. ಹೀಗೆ ಹೊಡೆಯೋ ತಂಡ ಲೀಗಲ್ಲಿ ಕಡೇ ಸ್ಥಾನಕ್ಕೆ ಯಾಕೆ ಬಂತು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿ ಕಿವಿ ಹಿಂದೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲಿಗೆ ಹೋಯಿತು. ಆರು ವರ್ಷದಿಂದ ಆ ಪುಸ್ತಕ ಬರೆಯುವವಳು ನಾನೇ.

ಬ್ಯಾಟಿಗ ಹೊಡೆದ ಏಟಿನಿಂದಲೇ ಬೇಸ್ ಸೇರಿದರೆ ಅದು ಹಿಟ್, ಅವನ ಖಾತೆಗೆ. ಎದುರಿನವನು ಹಿಡಿಯಬೇಕಾದ ಚೆಂಡನ್ನು ಚೆಲ್ಲಿ, ಇವನು ಬದುಕಿಕೊಂಡರೆ ಅದು ಎರರ್, ಇವನಿಗೆ ಏನೂ ಸಿಗುವುದಿಲ್ಲ. ಎರಡರಲ್ಲಿ ಯಾವುದು ಎಂದು ತೀರ್ಮಾನಿಸುವವಳು ಪೆನ್ಸಿಲ್ ಹಿಡಿದವಳು. ಬೆಳಗಿನ ಐದೂವರೆಗೆ, ಅಂಗಡಿ ತೆರೆಯುವ ಮುಂಚೆ, ಐವತ್ತು ದಾಟಿದ ಗಂಡಸೊಬ್ಬ ಹೊಟ್ಟೆ ಹೊತ್ತುಕೊಂಡು ಏದುಸಿರು ಬಿಡುತ್ತ ಬೇಸ್ ಮುಟ್ಟಿ, ನನ್ನ ಕಡೆ ತಿರುಗಿ ನೋಡುತ್ತಾನೆ. ಅಯ್ಯೋ ಪಾಪ, ಎರರ್ ಎಂದು ಬರೆಯಲು ಯಾವ ಕೈಗೆ ಮನಸ್ಸು ಬರುತ್ತದೆ? ಹಿಟ್ ಎಂದು ಬರೆದೆ. ಎಲ್ಲರಿಗೂ ಬರೆದೆ.

ಇಸಾವೊನಿಗೆ ಮಾತ್ರ ಬರೆಯಲಿಲ್ಲ. ನಾನು ಪೆನ್ಸಿಲ್ ಹಿಡಿದ ಮೊದಲ ವಾರವೇ ಸೊಗಾನ ಹೆಂಡತಿ ಕಿನುಕೊ, "ಇನ್ನೇನ್ ಬಿಡಿ, ನಿಮ್ಮ ಯಜಮಾನರಿಗೆ ಹಿಟ್‌ಗಳ ಸುರಿಮಳೆ," ಎಂದು ನಕ್ಕಿದ್ದಳು. ತಮಾಷೆಗೇ ಅಂದದ್ದು. ಆದರೆ ನಮ್ಮಲ್ಲಿ ಮನೆಯವರನ್ನು ಹೊರಗಿನವರ ಮುಂದೆ ಹೊಗಳುವುದುಂಟೆ? ನಮ್ಮ ಮಗಳು ಪೆದ್ದಿ, ನಮ್ಮನೆ ಸಾರು ಸಪ್ಪೆ, ನಮ್ಮ ಗಂಡ ಕೆಲಸಕ್ಕೆ ಬಾರದವನು ಎಂದೇ ಹೇಳಿಕೊಂಡು ಬೆಳೆದವಳು ನಾನು. ಅಂದಿನಿಂದ ಇಸಾವೊ ಹೊಡೆದ ಚೆಂಡು ಎದುರಿನವನ ಕೈಗವಸಿನ ಹತ್ತಿರ ಸುಳಿದರೂ ಸಾಕು, ಎರರ್. ಮೊದಮೊದಲು ಅಲ್ಲೊಂದು ಇಲ್ಲೊಂದು ಇದ್ದದ್ದು ಹೋದ ವರ್ಷ ಚಟವೇ ಆಯಿತು. ಹೇಗೂ ಯಾರೂ ಓದದ ಪುಸ್ತಕ ತಾನೇ ಎಂದುಕೊಂಡಿದ್ದೆ.

ತಮಾಯೊ ಉಡೋನ್ ಬಟ್ಟಲುಗಳನ್ನು ತಂದಿಟ್ಟಳು. ಎಲ್ಲರೂ ಸುರಸುರ ಎಂದು ತಿನ್ನತೊಡಗಿದರು. ಇಸಾವೊ ಮುಟ್ಟಲಿಲ್ಲ.

"ರೀ, ಆರಿಹೋಗತ್ತೆ," ಎಂದೆ ಮೆಲ್ಲಗೆ.

"ಏಯ್ ಫುಮಿಯೆ, ನಾನು ಈ ವರ್ಷ ಆಡೋದೇ ಬೇಡ ಅನ್ಸತ್ತೆ ಕಣೇ," ಎಂದ ಅವನು ಅಷ್ಟೇ ಮೆಲ್ಲಗೆ. "ಬದಲಿ ಜಾಗವೂ ದಂಡ. ಯಾರಾದ್ರೂ ಚಿಕ್ಕವರಿಗೆ ಕೊಡ್ಲಿ."

"ಹುಚ್ಚೇನ್ರೀ ನಿಮಗೆ?"

"ಚೆಂಡು ಚೆನ್ನಾಗೇ ತಾಗ್ತಿದೆ ಅಂದ್ಕೊಂಡಿದ್ದೆ. ಓಡುವಾಗ ತಿರುಗಿ ನೋಡಲ್ವಲ್ಲ, ಗೊತ್ತಾಗಲ್ಲ. ನಲವತ್ತೆರಡಕ್ಕೆ ಐದಂತೆ. ಬೇರೆಯವರು ಬರೆದಿದ್ರೆ ಜಗಳ ಆಡ್ತಿದ್ದೆ. ನೀನು ಬರೆದಿದ್ದು. ನೀನು ಯಾಕೆ ಸುಳ್ಳು ಬರೀತೀಯ?"

ಮೂವತ್ತೊಂದು ವರ್ಷ ಸಂಸಾರ ಮಾಡಿದ ಗಂಡ, ತನ್ನ ಕೈಗೆ ತಾಗಿದ್ದನ್ನು ಬಿಟ್ಟು ನನ್ನ ಪೆನ್ಸಿಲನ್ನು ನಂಬಿ ಕೂತಿದ್ದ. ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ, ಈ ನಂಬಿಕೆಯನ್ನು ತಡೆದುಕೊಳ್ಳಲು ಆಗಲಿಲ್ಲ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಆದರೂ ಎದ್ದು ನಿಂತೆ.

"ಮ್ಯಾನೇಜರ್ರೇ, ಆ ಹಲಗೆ ಒರೆಸಿ. ನನ್ನ ಪುಸ್ತಕ ಸುಳ್ಳು."

ಸುರಸುರ ನಿಂತಿತು. ನಾನು ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದೆ. ಎಲ್ಲರ ಎರರನ್ನೂ ಹಿಟ್ ಮಾಡಿದ್ದು, ಒಬ್ಬನ ಹಿಟ್‌ಗಳನ್ನು ಎರರ್ ಮಾಡಿದ್ದು.

"ಎಷ್ಟು ಹಿಟ್ ಹೋಗಿರಬಹುದು? ಸುಮಾರಾಗಿ ಹೇಳಿ," ಎಂದ ಕುರೊಕಾವಾ. ಅವನ ಕೈಯಲ್ಲಿ ಪೆನ್ನು ಸಿದ್ಧವಾಗಿತ್ತು.

"ಸುಮಾರು ಯಾಕೆ? ಬರ್ಕೊಳಿ. ಮೇ ಐದು, ಅಗ್ನಿಶಾಮಕ ದಳದವರ ಮೇಲೆ. ಮೂರನೇ ಬೇಸ್ ಪಕ್ಕ ಗೆರೆ ಉಜ್ಕೊಂಡು ಹೋಯ್ತು, ಅಲ್ಲಿದ್ದವನು ಬಗ್ಗೋಕೆ ಮುಂಚೆ ದಾಟಿತ್ತು. ಅದೇ ದಿನ ಕೊನೇ ಸರದಿ, ಚೆಂಡು ಎಸೆಯೋ ಪಿಚರ್ ಕಾಲ ಸಂದೀಲಿ. ಮೇ ಹತ್ತೊಂಬತ್ತು, ಟವೆಲ್ ಕಾರ್ಖಾನೆಯವರ ಮೇಲೆ, ಬಲಗಡೆ ಬೇಲಿವರೆಗೂ ಹೋಯ್ತು. ಅದಕ್ಕೂ ಎರರ್ ಬರೆದೆ, ನನ್ನ ಕೈಗಿಷ್ಟು! ಜೂನ್ ಎರಡು, ಮಂಜು ಮುಸುಕಿತ್ತು, ಇವರು ಸೀನಿದ್ರು, ಆಮೇಲೆ ಹೊಡೆದ್ರು..."

ಒಂದೊಂದೇ ಹೇಳುತ್ತ ಹೋದೆ. ಚೆಂಡು ಹೋದ ದಿಕ್ಕು, ಅಂದಿನ ಗಾಳಿ, ಅವನ ಟೋಪಿ ಬಿದ್ದದ್ದು, ಎಲ್ಲ ಕಣ್ಣ ಮುಂದೆ ನಿಂತಿತ್ತು. ಕುರೊಕಾವಾ ಗೀಟು ಹಾಕುತ್ತ ಹೋದ. ಹನ್ನೊಂದಾಯಿತು.

"ಐದು ಮತ್ತೆ ಹನ್ನೊಂದು, ಹದಿನಾರು," ಎಂದ ಅವನು. ಮುಖ ಅರಳಿತು. "ಈಗ ಅರ್ಥವಾಯ್ತು! ನಾವು ಕಡೇ ಸ್ಥಾನಕ್ಕೆ ಬರೋದೇ ನ್ಯಾಯ!"

"ಅಯ್ಯೋ, ಖುಷಿಪಡ್ತಾರಲ್ಲಪ್ಪ ಈ ಮನುಷ್ಯ," ಎಂದು ಸೊಗಾ ಗೊಣಗಿದ. ತನ್ನ ಸರಾಸರಿಯನ್ನು ದಪ್ಪಕ್ಷರದಲ್ಲಿ ಬರೆದು ಮೀನಿನ ಅಂಗಡಿಯ ಗೋಡೆಗೆ ಅಂಟಿಸಿಕೊಂಡಿದ್ದವನು ಅವನು. "ಫುಮಿಯೆ ಅಕ್ಕ, ಹೋಗ್ಲಿ ಬಿಡಿ. ನನ್ನದೂ ನೆನಪು ಮಾಡಿ. ನಿಜವಾದ ಹಿಟ್ ಎಷ್ಟಿತ್ತು?"

ಯೋಚಿಸಿದೆ. ನಿಜವಾಗಿಯೂ ಯೋಚಿಸಿದೆ.

"ನೆನಪಿಲ್ಲ, ಸೊಗಾ ಅವರೇ."

"ಒಂದೂ?"

"ಒಂದೂ ಇಲ್ಲ."

ತಮಾಯೊ ಬಾಯಿಗೆ ಸೆರಗಿನಂತೆ ಏಪ್ರನ್ ಒತ್ತಿಕೊಂಡು ಕಿಸಕ್ಕೆಂದಳು. ಮಹಡಿ ಹಾರಿಹೋಗುವಂತೆ ಎಲ್ಲರೂ ನಕ್ಕರು. ಸೊಗಾ ತೊಡೆ ತಟ್ಟಿಕೊಂಡು, "ಲೋ ಇಸಾವೊ! ಮುಖ ನೋಡ್ಕೊಳೋ, ಬೇಯಿಸಿದ ಆಕ್ಟೋಪಸ್ ಥರ ಕೆಂಪಾಗಿದೆ! ನನ್ನ ಹೆಂಡ್ತಿಗೆ ನನ್ನ ಹುಟ್ಟಿದ ದಿನವೇ ನೆನಪಿರಲ್ಲ," ಎಂದ. ತಾನೇ ಎದ್ದು ಹೋಗಿ ನಾಲ್ಕರ ಮುಂದಿದ್ದ ತನ್ನ ಹೆಸರನ್ನು ಅಂಗೈಯಿಂದ ಒರೆಸಿದ. "ಏಳೋ ಎಂಟೋ ಎಲ್ಲಾದ್ರೂ ಹಾಕ್ರಪ್ಪ ನನ್ನ."

ಕುರೊಕಾವಾ ನಾಲ್ಕರ ಮುಂದೆ ಇಸಾವೊ ಎಂದು ಬರೆದ. ನಾನು ಪೆನ್ಸಿಲನ್ನು ಮೇಜಿನ ಮೇಲಿಟ್ಟು, ಇನ್ನು ಇದು ನನಗೆ ಬೇಡ ಎಂದೆ. ಯಾರೂ ಒಪ್ಪಲಿಲ್ಲ. ಇಸಾವೊನ ಸರದಿ ಬಂದಾಗ ಮಾತ್ರ ಪೆನ್ಸಿಲ್ ಕಿನುಕೊಳ ಕೈಗೆ ಹೋಗಬೇಕು, ಉಳಿದವರಿಗೆ ದಯೆ ದಾಕ್ಷಿಣ್ಯ ಕೂಡದು ಎಂದು ತೀರ್ಮಾನವಾಯಿತು. ಇಸಾವೊ ಆರಿದ ಉಡೋನನ್ನು ಒಂದು ಎಳೆಯೂ ಬಿಡದೆ ತಿಂದು, ಬಟ್ಟಲೆತ್ತಿ ಸಾರು ಕುಡಿದು ಮುಗಿಸಿದ.

ಮನೆಗೆ ಹೋಗುವಾಗ ಬಂದರಿನ ಕಡೆಯಿಂದ ಒಳ್ಳೆ ಗಾಳಿ ಬೀಸುತ್ತಿತ್ತು. ಅವನು ಎರಡು ಹೆಜ್ಜೆ ಮುಂದೆ ನಡೆಯುತ್ತಿದ್ದ. ಕ್ಷಮಿಸಿ ಎಂದು ಹೇಗೆ ಶುರುಮಾಡಲಿ ಎಂದು ನಾನು ತಡಕಾಡುತ್ತಿರುವಾಗ ಅವನೇ ನಿಂತು ತಿರುಗಿದ.

"ಆಗಸ್ಟ್ ಹನ್ನೊಂದರದ್ದು ಬಿಟ್ಟೆಯಲ್ಲೇ. ಎರಡನೇ ಬೇಸ್ ಕಡೆ ಹೋಗಿದ್ದು."

"ಅದು ಎರರ್ರೇ. ಅವನು ಕೈಗೆ ಬಂದ ಚೆಂಡು ಬಿಟ್ಟ."

"ಹಿಟ್ಟು."

"ಎರರ್ರು ಕಣ್ರೀ, ನಾನು ನೋಡಿದೀನಿ!"

"ನೀನು ನೋಡಿದ್ರೆ? ಹೊಡೆದೋನು ನಾನು. ನನ್ನ ಕೈಗೆ ಗೊತ್ತಿಲ್ವಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ.

ಬಾಗಿಲ ಬೀಗ ತೆಗೆಯುವವರೆಗೂ ಜಗಳವಾಡಿದೆವು. ನಾನು ಸೋಲಲಿಲ್ಲ, ಅವನೂ ಸೋಲಲಿಲ್ಲ, ನನಗೆ ಹಾಯೆನಿಸಿತು.