ಬೇಲಿಹಣ್ಣಿನ ಉಂಗುರ

ನಾನು ಆಹಾರ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಗಾಜು ತೊಳೆಯುವವಳು. ಹತ್ತೊಂಬತ್ತು ವರ್ಷಗಳಲ್ಲಿ ನನ್ನ ಕೈಯಿಂದ ಒಡೆದದ್ದು ಮೂರೇ ಕೊಳವೆ. ಬಡಾಯಿಗೆ ಹೇಳುತ್ತಿಲ್ಲ. ಅಂಥವಳೂ ಏನು ಮಾಡಿಟ್ಟಳು ಎಂಬುದು ತಿಳಿಯಲಿ ಎಂದು.

ಸೀಸೆ ತೊಳೆಯಲು ಒಂದು ಕ್ರಮವಿದೆ. ಮೊದಲು ಕ್ರಿಮಿ ಕೊಲ್ಲುವ ದ್ರಾವಣದಲ್ಲಿ ನೆನೆಹಾಕಬೇಕು. ಆಮೇಲೆ ನಲ್ಲಿ ನೀರಿನಲ್ಲಿ ಮೂರು ಸಲ, ಭಟ್ಟಿ ಇಳಿಸಿದ ನೀರಿನಲ್ಲಿ ಮೂರು ಸಲ ಜಾಲಿಸಬೇಕು. ದ್ರಾವಣದ ವಾಸನೆ ಕೂಡ ಉಳಿಯಬಾರದು.

ನಮ್ಮಲ್ಲಿ ಒಬ್ಬ ಹುಡುಗಿ ಕಾಡುಹಣ್ಣುಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಯಾರಿಗೂ ಒಂದು ಮಾತ್ರೆ ಕೊಟ್ಟವಳಲ್ಲ, ಆದರೂ ಎಲ್ಲರೂ ಅವಳನ್ನು ಸಣ್ಣ ಡಾಕ್ಟರಮ್ಮ ಎಂದೇ ಕರೆಯುತ್ತಿದ್ದೆವು. ಮುಳ್ಳುಬೇಲಿಯಲ್ಲಿ ಬಿಡುವ, ಹಕ್ಕಿ ಬಿಟ್ಟರೆ ಯಾರೂ ಮೂಸದ ಕಪ್ಪು ಹಣ್ಣಿನ ರಸ ತೆಗೆದು, ಹೆಚ್ಚಿದ ಸೇಬಿಗೆ ಸವರುತ್ತಿದ್ದಳು. ಸಂಜೆಯಾದರೂ ಸೇಬು ಕಂದುತ್ತಿರಲಿಲ್ಲ. ಗಾಳಿ ತಾಗಿ ಹಣ್ಣು ಮುದಿಯಾಗುವುದನ್ನು ಈ ರಸ ತಡೆಯುತ್ತದೆ ಎಂದು ವಿವರಿಸಿದಾಗ, ನನಗೂ ಒಂದು ಲೋಟ ಕೊಡು ಎಂದಿದ್ದೆ. ಆದರೆ ಕ್ರಿಮಿಯನ್ನೂ ತಡೆಯುತ್ತದೆಯೇ ಎಂಬುದು ಇನ್ನೂ ಗೊತ್ತಾಗಬೇಕಿತ್ತು.

ಅಷ್ಟರಲ್ಲಿ ಒಂದು ಸೀಸೆಯ ರಸಕ್ಕೆ ಬೂಷ್ಟು ಬಂತು.

“ಅಜ್ಜಿ, ಇದನ್ನ ಸರಿಯಾಗಿ ತೊಳೆದಿದ್ರಾ?” ಎಂದು ಕೇಳಿದಳು.

ಬೈಗುಳವೇನಲ್ಲ. ಆದರೆ ಅಷ್ಟು ವರ್ಷದಲ್ಲಿ ಯಾರೂ ಕೇಳದ ಮಾತು. ಮೈ ಉರಿಯಿತು. ಮುಂದಿನ ಸಲ ಅವಳ ರಸಕ್ಕೆಂದು ಎತ್ತಿಟ್ಟ ಹನ್ನೆರಡು ಸೀಸೆಗಳನ್ನು, ಎಲ್ಲ ಜಾಲಿಸಿ ಮುಗಿದ ಮೇಲೆ ಮತ್ತೊಮ್ಮೆ ದ್ರಾವಣದಲ್ಲಿ ಅದ್ದಿ ಹಾಗೇ ಒಣಗಿಸಿದೆ. ಈಗ ಹೇಗೆ ಬೂಷ್ಟು ಬರುತ್ತದೋ ನೋಡೇಬಿಡೋಣ ಎಂಬ ಹಟ. ಯಾರಿಗೂ ಹೇಳಲಿಲ್ಲ.

ಬೂಷ್ಟು ಬರಲಿಲ್ಲ. ಕ್ರಿಮಿ ಬೆಳೆಸಿದ ತಟ್ಟೆಯಲ್ಲಿ, ಆ ರಸದಲ್ಲಿ ಅದ್ದಿದ ಕಾಗದದ ಬಿಲ್ಲೆಯ ಸುತ್ತ ಅಗಲವಾದ ತಿಳಿ ಉಂಗುರ ಮೂಡಿತು. ಉಂಗುರವಿದ್ದಲ್ಲಿ ಕ್ರಿಮಿ ಬೆಳೆದಿಲ್ಲವೆಂದು ಅರ್ಥ. ಹೋಲಿಕೆಗೆ ಇಟ್ಟ ಬರೀ ನೀರಿನ ಬಿಲ್ಲೆಯ ಸುತ್ತ ಏನೂ ಇರಲಿಲ್ಲ. ಆ ನೀರನ್ನು ತುಂಬಿದ್ದು ಪೆಟ್ಟಿಗೆಯಿಂದ ಆಗಷ್ಟೇ ತೆಗೆದ ಹೊಸ ಸೀಸೆಗೆ. ಡಾಕ್ಟರಮ್ಮ ಮೂರು ಸಲ ಪರೀಕ್ಷೆ ಮಾಡಿದಳು, ಮೂರು ಸಲವೂ ನನ್ನ ಸೀಸೆಗಳಲ್ಲೇ. ಎಲ್ಲ ನಿಮ್ಮ ಕೈಗುಣ ಎಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ಕೈ ಕಿತ್ತುಕೊಂಡೆ.

ಇದು ಹಣ್ಣಿನ ಗುಣವೋ ನನ್ನ ದ್ರಾವಣದ್ದೋ ಎಂಬ ಅನುಮಾನ ಅಂದೇ ಹುಟ್ಟಿತ್ತು. ಹೇಳೋಣವೆಂದು ಮಾರನೆಯ ಬೆಳಗ್ಗೆ ಹೋದರೆ ಅವಳು ವರದಿಯ ಕೊನೆಯ ಹಾಳೆ ತೋರಿಸಿದಳು. ನೆರವಾದವರ ಸಾಲಿನಲ್ಲಿ ನನ್ನ ಹೆಸರಿತ್ತು. ನಲವತ್ತು ದಾಟಿದ ಮೇಲೆ ಅಕ್ಷರ ಕಲಿತವಳು ನಾನು. ಅದನ್ನು ಕೂಡಿಸಿ ಕೂಡಿಸಿ ಓದಿದೆ, ಇನ್ನೊಮ್ಮೆ ಓದಿದೆ, ಹೇಳಬೇಕಾದ್ದನ್ನು ನುಂಗಿಕೊಂಡು ಬಂದೆ. ಹಣ್ಣಿಗೂ ಗುಣ ಇದ್ದೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಒಂಬತ್ತು ದಿನ ದೂಡಿದೆ.

ಹತ್ತನೆಯ ದಿನ, ಶುಕ್ರವಾರ, ಆಸ್ಪತ್ರೆಯ ಅಡುಗೆಯವನು ಬಂದ. ನನ್ನ ತಂಗಿಯ ಅಳಿಯನೇ. ಸೋಮವಾರದಿಂದ ಒಂದು ವಾರ್ಡಿನ ರೋಗಿಗಳಿಗೆ, ಬೆಳಗ್ಗೆಯೇ ಹೆಚ್ಚಿ ರಸ ಸವರಿಟ್ಟ ಹಣ್ಣನ್ನು ಸಂಜೆಯವರೆಗೆ ಕೊಟ್ಟು ನೋಡುವುದೆಂದು ಮಾತಾಗಿತ್ತು. ಡಾಕ್ಟರಮ್ಮ ಹೊಸ ಕ್ಯಾನಿಗೆ ರಸ ತುಂಬಿಕೊಟ್ಟಳು. ಅದರಲ್ಲಿ ನನ್ನ ದ್ರಾವಣದ ಒಂದು ಹನಿಯೂ ಇರಲಿಲ್ಲ. ಉಂಗುರ ಬರಿಸಿದ್ದು ದ್ರಾವಣವೇ ಆಗಿದ್ದರೆ ಆ ಹಣ್ಣುಗಳಿಗೆ ಕಾವಲೇ ಇಲ್ಲ.

“ದೊಡ್ಡತ್ತೆ ಕೈಯಾಡಿಸಿದ ಜಾಗ ಅಂದ್ಮೇಲೆ ನಾನು ಮೂಸಿಯೂ ನೋಡಲ್ಲ ಬಿಡಿ,” ಎಂದು ನಕ್ಕು, ಕ್ಯಾನು ಹೊತ್ತು ಹೊರಟುಹೋದ. ನಾನು ಬಾಗಿಲು ಹಿಡಿದು ನಿಂತೇ ಇದ್ದೆ.

ಅವನ ಬೆನ್ನು ಮರೆಯಾದ ಮೇಲೆ ಡಾಕ್ಟರಮ್ಮನ ಮೇಜಿನ ಮುಂದೆ ಹೋಗಿ ಎಲ್ಲ ಹೇಳಿದೆ. ಅವಳು ಕನ್ನಡಕ ತೆಗೆದಿಟ್ಟು, ಎಷ್ಟು ಸೀಸೆ ಎಂದಷ್ಟೇ ಕೇಳಿದಳು. ಹನ್ನೆರಡೂ ಎಂದೆ. ಬಳಸದೆ ಉಳಿದಿದ್ದ ಒಂದು ಸೀಸೆಗೆ ಬರೀ ನೀರು ಹಾಕಿದಳು. ಇನ್ನೊಂದನ್ನು ತಾನೇ ಆರು ಸಲ ಜಾಲಿಸಿ ರಸ ಹಾಕಿದಳು. ಎರಡರಲ್ಲೂ ಬಿಲ್ಲೆ ಅದ್ದಿ ಕ್ರಿಮಿಯ ತಟ್ಟೆಯಲ್ಲಿಟ್ಟಳು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಶನಿವಾರ ತಟ್ಟೆ ತೆರೆದಳು. ಬರೀ ನೀರಿಗೆ ಉಂಗುರವಿತ್ತು, ರಸಕ್ಕೆ ಇರಲಿಲ್ಲ. ಪಕ್ಕದಲ್ಲಿ ಹಿಂದಿನ ದಿನ ಹೆಚ್ಚಿ ರಸ ಸವರಿದ್ದ ಸೇಬು ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು.

ಅವಳು ಅಡುಗೆಯವನಿಗೆ ಫೋನು ಮಾಡಿ ರಸ ಬಳಸಬೇಡಿ ಎಂದಳು. ತಪ್ಪು ತನ್ನದು, ಖಾಲಿ ಸೀಸೆಯನ್ನು ತಾನು ಮೊದಲೇ ಪರೀಕ್ಷಿಸಬೇಕಿತ್ತು ಎಂದು ಹೇಳತೊಡಗಿದಳು. ಕೇಳುತ್ತ ನಿಲ್ಲಲಾಗಲಿಲ್ಲ. ಅವಳ ಕೈಯಿಂದ ಫೋನು ತೆಗೆದುಕೊಂಡೆ.

“ಅವಳದ್ದಲ್ಲಪ್ಪ, ನಾನು ಮಾಡಿದ್ದು. ಅನುಮಾನ ಇದ್ದೂ ಬಾಯಿ ಮುಚ್ಕೊಂಡಿದ್ದೆ. ನಿನ್ನೆ ನೀನು ಕ್ಯಾನು ಎತ್ತುವಾಗ್ಲೂ ಹೇಳ್ಲಿಲ್ಲ.”

ಆ ಕಡೆ ಪಾತ್ರೆಗಳ ಸದ್ದು ಕೇಳಿಸುತ್ತಿತ್ತು. ಅದರ ನಡುವೆ ಅವನ ದನಿ ಬಂತು.

“ಹಣ್ಣು ಕಪ್ಪಾಗಿದ್ರೆ ನಾನೇ ಎಸೀತಿದ್ದೆ ದೊಡ್ಡತ್ತೆ. ಇದು ಕೆಟ್ರೂ ಬೆಳ್ಳಗೇ ಇರ್ತಿತ್ತಲ್ಲ. ಸಂಜೆ ತನಕ ನನ್ನ ಕೈಯಾರೆ ಕೊಡ್ತಿದ್ದೆ.”

ಹೂಂ ಎಂದೆ. ಅವನೇ ಫೋನು ಇಡುವವರೆಗೂ ಕಿವಿಗೆ ಹಿಡಿದು ನಿಂತೆ.