ಅಮ್ಮ ಕೊಟ್ಟ ಫೋನು

"ಕಳುವಾದ ಫೋನು ಅಂತೀಯ, ಕೈಯಲ್ಲೇ ಹಿಡ್ಕೊಂಡಿದ್ದೀಯಲ್ಲಮ್ಮ! ಯಾರ ಕಿವಿ ಮೇಲೆ ಹೂವು ಇಡೋಕೆ ಬಂದಿದ್ದೀಯ?"

"ನಾಲಿಗೆ ಬಿಗಿ ಹಿಡ್ದು ಮಾತಾಡಪ್ಪ. ಕದ್ದಿದ್ರು. ಆಮ್ಯಾಕೆ ಸಿಕ್ತು."

"ಯಾರು ತಂದ್ಕೊಟ್ರು?"

"ಅಮ್ಮ ಕೊಟ್ಳು."

"ಯಾರಮ್ಮ? ನಿಮ್ಮಮ್ಮನಾ?"

"ಮಾರಮ್ಮ ಕಣಪ್ಪ. ನಮ್ಮೂರ ಮಾರಮ್ಮ."

ಅಂಗಡಿಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಸಿಮ್ಮು ಕೊಳ್ಳಲು ಬಂದಿದ್ದ ಇಬ್ಬರು ಕಾಲೇಜು ಹುಡುಗಿಯರೂ ನಕ್ಕರು. ಮಂಚಮ್ಮ ನಗಲಿಲ್ಲ. ಅವಳು ನಗಿಸಲು ಬಂದಿರಲಿಲ್ಲ.

ಪಾಂಡವಪುರದ ಬಸ್‌ಸ್ಟ್ಯಾಂಡ್ ಎದುರಿನ ಮೊಬೈಲ್ ಕಂಪನಿಯ ಅಂಗಡಿ ಅದು. ಕೌಂಟರಿನ ಆಚೆ, ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡಿದ್ದ ಧರ್ಮೇಂದ್ರ. ಈಚೆ ಮಂಚಮ್ಮ. ಅವಳ ಪಕ್ಕದಲ್ಲಿ ನಾನು, ಸರಸಮ್ಮ. ಇಬ್ಬರೂ ಒಂದೇ ಗುಂಪಿನಲ್ಲಿ ಭತ್ತದ ನಾಟಿ ಮಾಡುವವರು. ಅರ್ಧ ದಿನದ ಕೂಲಿ ಬಿಟ್ಟು ಗದ್ದೆಯಿಂದ ನೇರವಾಗಿ ಬಸ್ಸು ಹತ್ತಿದ್ದೆವು. ಮಂಚಮ್ಮನ ಸೀರೆಯ ಮೇಲೆ ಅವಳ ಗಂಡನ ಶರ್ಟು ಇತ್ತು. ಕೆಸರಿಗೆ ಇಳಿಯುವ ಹೆಂಗಸರೆಲ್ಲ ತೊಡುವುದು ಹಾಗೆಯೇ. ಗಂಡ ತೀರಿಹೋಗಿ ವರ್ಷಗಳಾಗಿವೆ. ಶರ್ಟು ಇನ್ನೂ ದುಡಿಯುತ್ತಿದೆ.

"ಪೊಲೀಸ್ ಕಂಪ್ಲೇಂಟು ಕೊಟ್ಟಿದ್ದೀರಾ?" ಧರ್ಮೇಂದ್ರ ಕೇಳಿದ.

"ಇಲ್ಲ."

"ಕಂಪನಿಗೆ ಹೇಳಿ ನಂಬರ್ ನಿಲ್ಲಿಸಿದ್ರಾ?"

"ಊ ಕಣಪ್ಪ. ಕಳುವಾದ ದಿನವೇ ನಮ್ಮೂರ ಯಜಮಾನ್ರು ಶಿವಣ್ಣೋರ ಮಗ ಫೋನ್ ಮಾಡಿ ನಿಲ್ಸವ್ನಂತೆ. ರಘುನಂದನ್ ಅಂತ. ಓದಿರೋ ಹುಡುಗ."

ಧರ್ಮೇಂದ್ರ ಕಂಪ್ಯೂಟರ್ ನೋಡಿದ. "ಯಾರೂ ಹೇಳಿಲ್ಲ. ನಿಮ್ಮ ನಂಬರ್ ಒಂದು ಗಳಿಗೆಯೂ ನಿಂತಿಲ್ಲ."

"ಅದೆಂಗಪ್ಪ?"

"ಅದು ಹೇಗೋ ನನಗೆ ಗೊತ್ತಿಲ್ಲ. ನಲವತ್ತೊಂದು ಸಾವಿರ ಬಿಲ್ಲಾಗಿದೆ. ರಣಬೇಟೆ ಅಂತ ಫೋನಲ್ಲಿ ಆಡೋ ಆಟ. ಅದರೊಳಗೆ ಬಂದೂಕು, ಬಟ್ಟೆ ಎಲ್ಲ ಕೊಂಡ್ಕೊಂಡಿದ್ದಾರೆ. ಆ ದುಡ್ಡು ಬಿಲ್ಲಿಗೆ ಸೇರಿದೆ."

"ಬಟ್ಟೆನಾ? ಯಾರಿಗೆ?"

"ಆಟದೊಳಗಿನ ಗೊಂಬೆಗೆ."

ಮಂಚಮ್ಮ ತನ್ನ ಶರ್ಟಿನ ತೋಳು ನೋಡಿಕೊಂಡಳು. ಮೊಣಕೈ ಹತ್ತಿರ ಹರಿದಿತ್ತು.

ನನಗೆ ತಡೆಯಲಾಗಲಿಲ್ಲ. "ಲೋ, ಈಯಮ್ಮನ್ನ ನೋಡಿದ್ರೆ ಗೊಂಬೆಗೆ ಬಟ್ಟೆ ಹಾಕ್ಸೋಳಂಗೆ ಕಾಣ್ತಾಳೇನ್ಲಾ? ರೀಚಾರ್ಜು ಮುಗ್ಯೋ ಕಾಟ ಇಲ್ಲ, ತಿಂಗಳ ಕೊನೆಗೆ ಕಟ್ಟಿ ಅಕ್ಕ, ಅಂತ ಹಲ್ಲು ಗಿಂಜ್ಕೊಂಡು ಈ ಕನೆಕ್ಷನ್ ಕೊಟ್ಟೋನು ನೀನೇ ಅಲ್ವಾ?"

"ಗಲಾಟೆ ಮಾಡಿದ್ರೆ ಬಿಲ್ಲು ಕಮ್ಮಿ ಆಗಲ್ಲಮ್ಮ. ಇಪ್ಪತ್ತನೇ ತಾರೀಕಿಗೆ ಕಟ್ಟದಿದ್ರೆ ನಂಬರ್ ಕಟ್ಟಾಗುತ್ತೆ. ಆಮೇಲೆ ವಕೀಲರ ನೋಟಿಸು ಮನೆಗೆ ಬರುತ್ತೆ. ಕಳುವಾಗಿದ್ದು ನಿಜ ಅಂದ್ರೆ ಊರಿನ ದೊಡ್ಡೋರು ಯಾರಾದ್ರೂ ಸ್ಟೇಷನ್ನಿಗೆ ಬಂದು ಹೇಳ್ಲಿ. ಪೊಲೀಸರು ಬರ್ಕೊಟ್ರೆ ನಾನು ಮೇಲಕ್ಕೆ ಕಳಿಸ್ತೀನಿ."

ನಂಬರ್ ಕಟ್ಟಾಗುತ್ತೆ ಎಂದದ್ದೇ ಮಂಚಮ್ಮನ ಮುಖ ಬಿಳುಚಿಕೊಂಡಿತು. ಬಿಲ್ಲಿಗಿಂತ ಅವಳಿಗೆ ಅದರ ಭಯ. ಶ್ರೀರಂಗಪಟ್ಟಣದಿಂದ ಕೆ.ಆರ್. ಪೇಟೆಯವರೆಗೆ ಗದ್ದೆ ಇರುವವರ ಫೋನುಗಳಲ್ಲಿ 'ನಾಟಿ ಮಂಚಮ್ಮ' ಎಂದು ಆ ನಂಬರ್ ಕೂತಿದೆ. ನಾಲೆಗೆ ನೀರು ಬಿಟ್ಟ ದಿನದಿಂದ ಅದು ಬಡಿದುಕೊಳ್ಳುತ್ತಲೇ ಇರುತ್ತದೆ. ಯಾರ ಗದ್ದೆ ಮೊದಲು, ಯಾರದು ನಂತರ, ಎಲ್ಲವನ್ನೂ ಅವಳೇ ಗೊತ್ತು ಮಾಡುವವಳು. ಆ ನಂಬರ್ ಸತ್ತರೆ ನಮ್ಮ ಹದಿನಾಲ್ಕು ಹೆಂಗಸರ ಒಲೆ ಆರುತ್ತದೆ.

ಬಸ್ಸಿನಲ್ಲಿ ಅವಳು ಹೇಳಿದಳು, "ಶಿವಣ್ಣೋರು ಬಂದು ಒಂದು ಮಾತು ಯೋಳಿದ್ರೆ ಸಾಕು ಬುಡು ಸರಸಿ. ಸ್ಟೇಷನ್ನಲ್ಲಿ ಅವರ ಮಾತು ನಡೀತದೆ. ನನ್ನ ಗಂಡ ಸತ್ತಾಗ ಟ್ರಾಕ್ಟರು ಕಳಿಸ್ಕೊಟ್ಟೋರು. ನನ್ನ ಕೈ ಬುಡಾಕಿಲ್ಲ."

ಫೋನು ಕಳುವಾದದ್ದು ಶಿವಣ್ಣನ ಗದ್ದೆಯಲ್ಲೇ. ನಾಟಿಗೆ ಇಳಿಯುವ ಮುನ್ನ ನಾವು ಊಟದ ಬುಟ್ಟಿ, ಚಪ್ಪಲಿ, ಫೋನು ಎಲ್ಲವನ್ನೂ ಪಂಪ್ ಮನೆಯ ಕಟ್ಟೆಯ ಮೇಲೆ ಇಟ್ಟು ಹೋಗುತ್ತೇವೆ. ಮಂಚಮ್ಮನ ಫೋನಿಗೆ ಬೀಗವೂ ಇರಲಿಲ್ಲ. ಕೆಸರು ಬೆರಳಿಗೆ ಆ ಬೀಗ ತೆಗೆಯಲು ಬರುವುದಿಲ್ಲ, ಅಷ್ಟರಲ್ಲಿ ಕರೆ ನಿಂತುಹೋಗುತ್ತದೆ ಎಂದು ತೆಗೆಸಿದ್ದಳು. ಮಧ್ಯಾಹ್ನ ಊಟಕ್ಕೆ ಬಂದಾಗ ಬುಟ್ಟಿ ಇತ್ತು, ಫೋನು ಇರಲಿಲ್ಲ.

ಸ್ಟೇಷನ್ನಿಗೆ ಹೋಗುತ್ತೇವೆ ಎಂದು ಹೊರಟವರನ್ನು ಶಿವಣ್ಣನೇ ತಡೆದ.

"ಊರ ಮಾನ ಬೀದಿಗೆ ತರ್ತೀರಾ? ಮಣ್ಣು ಸುರಿಸ್ತೀನಿ ತಡೀರಿ. ಅಮ್ಮ ಇಲ್ವಾ?"

ಮಣ್ಣು ಸುರಿಯುವುದು ನಮ್ಮೂರಲ್ಲಿ ಹಿಂದಿನಿಂದ ಇದೆ. ಏನಾದರೂ ಕಳುವಾದರೆ ತಮಟೆ ಹೊಡೆಸಿ ಸಾರುತ್ತಾರೆ. ಮನೆಗೊಂದು ಬುಟ್ಟಿ ಮಣ್ಣು ತುಂಬಿ, ಮೇಲೆ ಬಟ್ಟೆ ಮುಚ್ಚಿ ತಂದು, ಮಾರಮ್ಮನ ಗುಡಿಯ ಮುಂದೆ ಒಂದೇ ಗುಡ್ಡೆಗೆ ಸುರಿಯಬೇಕು. ಕದ್ದವನು ತನ್ನ ಮಣ್ಣಿನಲ್ಲಿ ಕದ್ದದ್ದನ್ನು ಹುದುಗಿಸಿ ತಂದು ಸುರಿಯುತ್ತಾನೆ. ಆಮೇಲೆ ಗುಡ್ಡೆ ಕೆದಕುತ್ತಾರೆ. ಸಿಕ್ಕಿದರೆ ಯಾರು ಕೊಟ್ಟರು ಎಂದು ಕೇಳಬಾರದು. ಅಮ್ಮ ಕೊಟ್ಟಳು ಅನ್ನಬೇಕು. ಅಲ್ಲಿಗೆ ಆ ಮಾತು ಮುಗಿಯಬೇಕು. ಬಡವನೊಬ್ಬ ಆಸೆಪಟ್ಟು ತಪ್ಪು ಮಾಡಿದರೆ ಅವನ ಮಾನ ಉಳಿಯಲಿ ಎಂದು ಮಾಡಿದ ಕಟ್ಟಳೆ ಅದು.

ಆದರೆ ಆ ವಾರ ಪೂಜಾರಿಯ ಮನೆಯಲ್ಲಿ ಸಾವಾಗಿತ್ತು. ಸೂತಕ ಕಳೆಯುವವರೆಗೆ ಗುಡಿಯ ಬಾಗಿಲು ತೆಗೆಯುವಂತಿಲ್ಲ. ಮಂಚಮ್ಮ ಮತ್ತೆ ಹೋಗಿ ಕೇಳಿದಳು, "ಅಲ್ಲೀಗಂಟ ಏನು ಮಾಡ್ಲಿ ಯಜಮಾನ್ರೆ?"

"ನಂಬರ್ ನಿಲ್ಲಿಸೋಕೆ ರಘುಗೆ ಯೋಳಿದೀನಿ. ನಿಲ್ಸವ್ನೆ. ಸುಮ್ಕೆ ಕಾಯಿ. ಈಗ ಪೊಲೀಸು ಅಂದ್ರೆ ಅಮ್ಮನ್ನ ನಂಬ್ಲಿಲ್ಲ ಅಂತ ಆಯ್ತದೆ."

ಅವಳು ಅಮ್ಮನನ್ನೂ ನಂಬಿದಳು, ಅವನನ್ನೂ ನಂಬಿದಳು. ಸೂತಕ ಕಳೆದ ಮೇಲೆ ಊರೆಲ್ಲ ಮಣ್ಣು ತಂದಿತು. ಮೊದಲ ಬುಟ್ಟಿ ಯಜಮಾನನ ಮನೆಯದು. ಕೊನೆಯದು ನಮ್ಮ ಕೇರಿಯದು, ಅದೂ ಮೆಟ್ಟಿಲ ಕೆಳಗಿನಿಂದಲೇ ಎಸೆದದ್ದು. ಕೆದಕಿದಾಗ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಫೋನು ಸಿಕ್ಕಿತು. ಗುಡ್ಡೆಯ ತಳದಲ್ಲಿ. ತಳದಲ್ಲಿ ಯಾರ ಮಣ್ಣಿರುತ್ತದೆ ಎಂದು ಆಗ ಯಾರೂ ಯೋಚಿಸಲಿಲ್ಲ. ಮಂಚಮ್ಮ ಈಡುಗಾಯಿ ಒಡೆದು ಅತ್ತುಬಿಟ್ಟಳು.

ಆಮೇಲೆ ಬಂದದ್ದು ಈ ಬಿಲ್ಲು.

ಅಂಗಡಿಯಿಂದ ಬಂದ ಸಂಜೆ ನಾನು ರಣಬೇಟೆಯ ಹೆಸರು ಹಿಡಿದು ಕೇರಿಯ ತುಂಬ ಉಗಿದೆ. ಮಾರನೆಯ ದಿನ ಅದೇ ಪಂಪ್ ಮನೆಯ ಪಕ್ಕದ, ಶಿವಣ್ಣನ ಇನ್ನೊಂದು ಗದ್ದೆಯಲ್ಲಿ ನಾಟಿ ಇತ್ತು. ಅವನು ಪಂಪ್ ಮನೆಯ ನೆರಳಲ್ಲಿ ಕೂತಿದ್ದ. ಊಟದ ಹೊತ್ತಿಗೆ ಕೇಳುತ್ತೇನೆ ಎಂದಿದ್ದಳು ಮಂಚಮ್ಮ. ಅಷ್ಟರಲ್ಲಿ ಬದುವಿನ ಮೇಲೆ ರಘುನಂದನ್ ಬಂದ. ಬಿಳಿ ಬೂಟು ಕೆಸರಾಗದಂತೆ ಕಾಲು ಎತ್ತೆತ್ತಿ ಇಡುತ್ತಿದ್ದ.

"ಮಂಚಕ್ಕ, ಊಟ ಆಯ್ತಾ?"

ನಾವು ಮುಖ ಮುಖ ನೋಡಿಕೊಂಡೆವು. ಅಲ್ಲಿಯವರೆಗೆ ಅವನು ಅವಳನ್ನು ಕರೆಯುತ್ತಿದ್ದುದು 'ಏಯ್' ಎಂದು.

"ಇನ್ನೂ ಇಲ್ಲ ಕಣಪ್ಪ. ಏನು ಗದ್ದೆ ಕಡೆ ಬಂದ್ಬುಟ್ಟೆ?"

"ಏನಿಲ್ಲ. ನಿನ್ನ ಫೋನಿಗೆ ಈಗ ಒಂದು ಮೆಸೇಜು ಬಂದಿರ್ತದೆ. ಆರು ಅಂಕಿ ಇರ್ತವೆ. ಅಷ್ಟು ಯೋಳ್ಬುಡು."

"ನಂಗೆಲ್ಲಿ ಓದಾಕೆ ಬತ್ತದೆ? ಕೈಯೆಲ್ಲ ಕೆಸರು. ಬುಟ್ಟಿ ತಾವ ಅದೆ, ನೀನೇ ನೋಡ್ಕೊ."

ಬುಟ್ಟಿಯ ಹತ್ತಿರ ಪೂಜ ನೀರು ಕುಡಿಯುತ್ತಿದ್ದಳು. ನಮ್ಮ ಗುಂಪಿಗೆ ಈ ವರ್ಷ ಸೇರಿದ ಹೊಸ ಸೊಸೆ, ಪಿಯುಸಿ ಓದಿದವಳು. ರಘುನಂದನ್ ಬಗ್ಗುವ ಮೊದಲೇ ಫೋನು ಎತ್ತಿಕೊಂಡಳು.

"ಇರು, ನಾನೇ ಓದ್ತೀನಿ. ರಣಬೇಟೆ… ನಿಮ್ಮ ಖಾತೆ ತೆರೆಯಲು…"

ಅವಳು ಅಲ್ಲಿಗೆ ನಿಲ್ಲಿಸಿದಳು. ಗದ್ದೆಯಲ್ಲಿ ಬಗ್ಗಿದ್ದ ಬೆನ್ನುಗಳೆಲ್ಲ ನೆಟ್ಟಗಾದವು.

"ರಘಣ್ಣ, ನಿನ್ನ ಆಟದ ಖಾತೆ ಅಂಕಿ ಮಂಚತ್ತೆ ಫೋನಿಗೆ ಯಾಕೆ ಬತ್ತದೆ?"

"ಅದು… ನಂಬರ್ ಹಾಕೋವಾಗ ತಪ್ಪಿ ನಿಮ್ದು ಬಿದ್ಬುಟ್ಟದೆ."

"ಹತ್ತು ಅಂಕಿನೂ ತಪ್ಪಿ ತಪ್ಪಿ ಈಯಮ್ಮಂದೇ ಬಿತ್ತಾ ನನ್ನಪ್ಪ?" ಎಂದೆ ನಾನು.

ಮಂಚಮ್ಮ ಬದುವಿನ ಕಡೆ ಎರಡು ಹೆಜ್ಜೆ ಬಂದಳು. ಅವನನ್ನೇ ನೋಡುತ್ತ ನಿಂತಳು. ಆಮೇಲೆ ಮೆಲ್ಲಗೆ ಹೇಳಿದಳು, "ನೀನು ಎಳೇ ಮಗ ಆಗಿದ್ದಾಗ ನಿಂಗೆ ಎಣ್ಣೆ ತಿಕ್ಕಿ ನೀರು ಹಾಕ್ದೋಳು ನಾನು ಕಣ್ಲಾ."

ಗದ್ದಲ ಕೇಳಿ ಶಿವಣ್ಣ ಎದ್ದು ಬಂದ. "ಏನಮ್ಮೀ, ನಾಟಿ ಬುಟ್ಟು ಪುರಾಣ ಓದ್ತಾ ಇದ್ದೀರಾ?"

ಪೂಜ ಆದದ್ದನ್ನು ಹೇಳಿದಳು. ಶಿವಣ್ಣ ಮಗನ ಕಡೆ ತಿರುಗಲಿಲ್ಲ. ನಿಜವೇನೋ ಎಂದು ಕೇಳಲಿಲ್ಲ. ಆಗಲೇ ನಮಗೆ ಗೊತ್ತಾಯಿತು, ಇದು ಅವನಿಗೆ ಹೊಸ ಸುದ್ದಿಯಲ್ಲ.

"ಯಜಮಾನ್ರೆ," ಮಂಚಮ್ಮ ಹೇಳಿದಳು, "ನಂಗೆ ಯಾರ ಹೆಸರೂ ಬ್ಯಾಡ. ಸ್ಟೇಷನ್ನಿಗೆ ಬಂದು ಫೋನು ಕಳುವಾಗಿತ್ತು ಅಂತ ಒಂದೇ ಒಂದು ಮಾತು ಯೋಳ್ಬುಡಿ."

"ಮಣ್ಣು ಸುರಿದ ಮ್ಯಾಲೆ ಆ ಮಾತು ಎತ್ತಬಾರದು ಅಂತ ಗೊತ್ತಿಲ್ವಾ? ಅಮ್ಮ ಕೊಟ್ಳು, ಮುಗೀತು."

"ಅಮ್ಮ ಫೋನು ಕೊಟ್ಳು. ಬಿಲ್ಲು ಯಾರು ಕೊಟ್ರು?"

ಶಿವಣ್ಣನ ಮೀಸೆ ಅದುರಿತು. ಆದರೆ ನಾಟಿ ಅರ್ಧವಾಗಿತ್ತು. ಸಸಿ ಬೆಳೆಸಿದ ಒಟ್ಲಿನಿಂದ ಕಿತ್ತು ತಂದ ಪೈರು ಬದುವಿನುದ್ದಕ್ಕೂ ಬಿದ್ದಿತ್ತು. ದನಿ ಇಳಿಸಿದ.

"ನೋಡಮ್ಮೀ, ನಾನೇನು ಕಟುಕನಾ? ಬಿಲ್ಲು ನಾನೇ ಕಟ್ತೀನಿ ಬುಡು. ಮೂರು ವರ್ಷ ನಮ್ಮ ಗದ್ದೆಗಳ ನಾಟಿ ನಿನ್ನ ಗುಂಪೇ ಮಾಡ್ಲಿ. ಕೂಲಿಲಿ ಮುರ್ಕೊಂತೀನಿ. ಸ್ಟೇಷನ್ನು ಗೀಷನ್ನು ಅಂತ ಅಲೀಬೇಡ."

ಮಗ ಕದ್ದದ್ದನ್ನು ಅಪ್ಪ ನಮಗೆ ಸಾಲವಾಗಿ ಕೊಡುತ್ತಿದ್ದ.

ಕೈಗೆ ತೆಗೆದುಕೊಂಡ ಪೈರಿನ ಕಟ್ಟನ್ನು ನೆಟ್ಟು ಮುಗಿಸದೆ ಗದ್ದೆಯಿಂದ ಮೇಲೇಳಬಾರದು. ಕುಡುಗೋಲು ಹಿಡಿಯಲು ಬಾರದ ವಯಸ್ಸಿನಲ್ಲಿ ನಮಗೆಲ್ಲ ಇದನ್ನು ಕಲಿಸಿದವಳು ಮಂಚಮ್ಮನೇ. ಅವಳ ಎಡಗೈಯಲ್ಲಿ ಅರ್ಧ ಕಟ್ಟು ಇನ್ನೂ ಇತ್ತು. ಅದನ್ನು ಹಿಡಿದುಕೊಂಡೇ ಬದು ಹತ್ತಿದಳು. ಕೆಸರು ನೀರು ಸುರಿಯುವ ಪೈರನ್ನು ರಘುನಂದನನ ಎದೆಗೆ ಒತ್ತಿ ಹಿಡಿಸಿದಳು.

"ತಗೋ. ನಿನ್ನ ಗೊಂಬೆ ಕೈಲಿ ನೆಡ್ಸು."

ಬುಟ್ಟಿ ತಲೆಗಿಟ್ಟುಕೊಂಡಳು. ಚಪ್ಪಲಿ ಕೈಗೆತ್ತಿಕೊಂಡಳು. ಪೂಜಳಿಂದ ಫೋನು ಇಸಿದುಕೊಂಡು ಶರ್ಟಿನ ಜೇಬಿಗೆ ಹಾಕಿಕೊಂಡಳು. ನಾಲೆಯ ಏರಿಯ ಕಡೆ ನಡೆದಳು.

"ಮಂಚೀ! ಈಗ ಹೋದ್ರೆ ಮತ್ತೆ ಈ ಗದ್ದೆ ಕಡೆ ತಲೆ ಹಾಕಂಗಿಲ್ಲ!" ಶಿವಣ್ಣ ಕೂಗಿದ.

ಅವಳು ತಿರುಗಿ ನೋಡಲಿಲ್ಲ. ನಾನು ಕೈಯಲ್ಲಿದ್ದ ಕಟ್ಟನ್ನು ಕೆಸರಿಗೆ ಬಿಟ್ಟೆ. ಪೂಜ ಆಗಲೇ ಹೊರಟಿದ್ದಳು. ಒಬ್ಬೊಬ್ಬರೇ ಮೇಲೆದ್ದೆವು. ಯಾರೂ ಯಾರಿಗೂ ಏಳು ಎಂದು ಹೇಳಲಿಲ್ಲ.

ನೇರವಾಗಿ ಸ್ಟೇಷನ್ನಿಗೆ ಹೋದ ನಮ್ಮನ್ನು ಪೊಲೀಸರು ಸಂಜೆಯವರೆಗೆ ಕೂರಿಸಿ ಅರ್ಜಿ ತೆಗೆದುಕೊಂಡರು. ನಾವೆಲ್ಲರೂ ಹೆಬ್ಬೆಟ್ಟು, ಸಹಿ ಹಾಕಿದೆವು. ರಘುನಂದನನನ್ನು ಇಲ್ಲಿಯವರೆಗೆ ಯಾರೂ ಕರೆದು ಕೇಳಿಲ್ಲ. ಬಿಲ್ಲು ಹಾಗೆಯೇ ಇದೆ. ವಕೀಲರ ನೋಟಿಸೂ ಬಂತು. ಇಪ್ಪತ್ತನೇ ತಾರೀಕಿಗೇ ನಂಬರ್ ಸತ್ತಿತ್ತು. ನಾವೀಗ ಊರೂರಿಗೆ ನಡೆದು ಹೋಗಿ ಪೂಜಳ ನಂಬರ್ ಕೊಟ್ಟು ಬರುತ್ತಿದ್ದೇವೆ.

ಮೊನ್ನೆ ಹಾಗೆ ನಾಲೆಯ ಏರಿಯ ಮೇಲೆ ಹೋಗುತ್ತಿದ್ದೆವು. ಕೆಳಗೆ ಶಿವಣ್ಣನ ಗದ್ದೆ. ಅರ್ಧ ಹಸಿರು, ಅರ್ಧ ಬರಿಯ ನೀರು. ಬದುವಿನ ಮೇಲಿನ ಕಟ್ಟುಗಳು ಕೊಳೆತು ಕಪ್ಪಾಗಿದ್ದವು. ನಾಗಮಂಗಲದ ಕಡೆಯಿಂದ ಆಳು ತರಿಸಲು ನೋಡಿದನಂತೆ, ಯಾರೂ ಬರಲಿಲ್ಲ. ಪಂಪ್ ಮನೆಯ ಮುಂದೆ ನಿಂತಿದ್ದವನು ನಮ್ಮನ್ನು ನೋಡಿದ. ಕೂಗಿ ಕರೆಯಲು ಅವನಿಗೆ ಬಾಯಿ ಬರಲಿಲ್ಲವೇನೋ, ಫೋನು ತೆಗೆದು ಒತ್ತಿದ. ಸ್ಪೀಕರಿಗೆ ಹಾಕಿದ್ದ. ಏರಿಯ ಮೇಲಿನವರೆಗೂ ಕೇಳಿಸಿತು.

"ನೀವು ಕರೆ ಮಾಡಿದ ಚಂದಾದಾರರ ಸೇವೆಯನ್ನು ಸ್ಥಗಿತಗೊಳಿಸಲಾಗಿದೆ."

ಅವನು ಮತ್ತೆ ಒತ್ತಿದ. ಅದೇ ಹೆಂಗಸು ಅದೇ ಮಾತು ಹೇಳಿದಳು. ಮಂಚಮ್ಮ ಬುಟ್ಟಿ ಸರಿಮಾಡಿಕೊಂಡು ನಮಗಿಂತ ಮುಂದೆ ನಡೆಯುತ್ತಿದ್ದಳು.