ಜರಡಿಯ ಇನ್ನೊಂದು ಕಡೆ

ಕೋವೈ ನಗರದ ಅಂಚಿನ ಕುರಿಚಿಯ ಆ ಲೈನ್ ಮನೆಗಳಲ್ಲಿ ಯಾರ ಗಿಡ ಬಾಡಿದರೂ ಮೊದಲು ಸಾಮಿಯಾತಾಳ್‌ಗೆ ಹೇಳಿಕಳಿಸುತ್ತಿದ್ದರು. ಬಂದವಳೇ ಗಿಡ ನೋಡುವ ಮೊದಲು ಗಿಡದವಳನ್ನು ಬೈಯುತ್ತಿದ್ದಳು. ಡಬ್ಬದ ತಳಕ್ಕೆ ತೂತು ಹೊಡೆದಿದ್ದೀಯಾ? ಇಲ್ಲ. ದಿನಕ್ಕೆ ಎಷ್ಟು ಸಲ ನೀರು? ಮೂರು ಸಲ. "ಗಿಡ ಸಾಕ್ತಿದ್ದೀಯೋ, ಎಮ್ಮೆ ಸಾಕ್ತಿದ್ದೀಯೋ?" ಎಂದು ಕೇಳಿ, ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ತೂರಿಸಿ, ಒಳಗೆ ಒಣಗಿದ್ದರೆ ಮಾತ್ರ ನೀರು ಹಾಕು ಎಂದು ತೋರಿಸಿಕೊಡುತ್ತಿದ್ದಳು. ಅವಳ ಬೈಗುಳಕ್ಕೆ ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಅವಳು ಮುಟ್ಟಿದ್ದು ಚಿಗುರುತ್ತಿತ್ತು.

ಕಾರಮಡೈ ಕಡೆಯ, ಕನ್ನಡ ಮಾತಾಡುವ ಒಕ್ಕಲು ಮನೆಯಲ್ಲಿ ಹುಟ್ಟಿದವಳು. ಗಂಡ ಬೆಳ್ಳಿಯಪ್ಪ ಕಬ್ಬಿಣ ಎರಕ ಹೊಯ್ಯುವ ಕಾರ್ಖಾನೆಗೆ ಸೇರಿದ ಮೇಲೆ ಅವಳ ಪಾಲಿಗೆ ಉಳಿದ ಭೂಮಿ ಎಂದರೆ ಮನೆ ಮುಂದಿನ ಎಂಟಡಿ ಸಿಮೆಂಟು ಜಗಲಿ. ಅದರ ಮೇಲೆ ಎಣ್ಣೆ ಟಿನ್ನು, ಡಾಲ್ಡಾ ಡಬ್ಬ, ಒಡೆದ ಕೊಡ. ಅಲ್ಲಿನ ಕರಿಮಣ್ಣು ಜಿಗುಟು. ಕುಡಿದ ನೀರನ್ನು ಮೂರು ದಿನ ಬಿಡುವುದಿಲ್ಲ, ಬೇರು ಕೊಳೆಯುತ್ತದೆ. ಅದಕ್ಕೆ ಅವಳು ಕಂಡುಕೊಂಡ ಉಪಾಯ ಕಾರ್ಖಾನೆಯ ಸುಟ್ಟ ಮರಳು.

ಎರಕ ಆರಿದ ಮೇಲೆ ಮರಳಿನ ಅಚ್ಚು ಒಡೆದು ಉದುರಿಸುವುದೇ ಬೆಳ್ಳಿಯಪ್ಪನ ಕೆಲಸ. ಕಾರ್ಖಾನೆಯ ಹಿತ್ತಲಲ್ಲಿ ಗುಡ್ಡೆ ಬಿದ್ದಿರುತ್ತಿದ್ದ ಆ ಕಪ್ಪು ಮರಳನ್ನು ಪ್ರತಿ ಶನಿವಾರ ಗೋಣಿಯಲ್ಲಿ ತುಂಬಿ ಸೈಕಲ್ಲಿಗೆ ಕಟ್ಟಿಕೊಂಡು ಬರುತ್ತಿದ್ದ. ಹೆಂಡತಿಗೆ ಒಂದು ಮೊಳ ಹೂವು ತಂದುಕೊಟ್ಟ ಗಂಡಸಲ್ಲ ಅವನು. ಮರಳನ್ನು ಮಾತ್ರ ಹನ್ನೊಂದು ವರ್ಷ ತಪ್ಪದೆ ತಂದ. ಅವಳು ಅದನ್ನು ಜರಡಿಗೆ ಹಾಕಿ, ನುಣ್ಣನೆಯ ಧೂಳೆಲ್ಲ ಗಾಳಿಗೆ ಹಾರಿಹೋಗುವವರೆಗೆ ಆಡಿಸುತ್ತಿದ್ದಳು. ಧೂಳು ಉಳಿದರೆ ಮಣ್ಣು ಮತ್ತೆ ಗಟ್ಟಿಯಾಗುತ್ತದೆ. ಆಮೇಲೆ ಒಂದು ಪುಟ್ಟಿ ಮಣ್ಣು, ಒಂದು ಪುಟ್ಟಿ ಮರಳು, ಅರ್ಧ ಪುಟ್ಟಿ ಹಳೆಯ ಸಗಣಿ ಗೊಬ್ಬರ. ಬೀದಿಯ ಎಲ್ಲ ಮನೆಗೂ ಇದನ್ನೇ ಕಲಿಸಿದ್ದಳು.

ಎಂಬತ್ನಾಲ್ಕನೇ ಇಸವಿಯಲ್ಲಿ ಬೆಳ್ಳಿಯಪ್ಪನಿಗೆ ಕೆಮ್ಮು ಹತ್ತಿತು. ಬೀದಿ ತುದಿಯ ಡಾಕ್ಟರು ಕ್ಷಯವೆಂದು ವರ್ಷವಿಡೀ ಮಾತ್ರೆ ನುಂಗಿಸಿದರು. ಮಾತ್ರೆ ಮುಗಿಯಿತು, ಕೆಮ್ಮು ಮುಗಿಯಲಿಲ್ಲ. ಎರಡು ವರ್ಷವಾಗುವಷ್ಟರಲ್ಲಿ ನಲ್ಲಿಯವರೆಗೆ ಹೋಗಿಬರಲೂ ಎರಡು ಕಡೆ ಕೂರಬೇಕಾಯಿತು. ಕಾರ್ಖಾನೆಯವರು ಬರಬೇಡವೆಂದರು.

ಸಾಮಿಯಾತಾಳ್ ಸುಮ್ಮನೆ ಕೂರುವ ಹೆಂಗಸೇ? ಡಬ್ಬದ ಸಸಿಗಳನ್ನು ಮಾರಿ ಮನೆ ನಡೆಸತೊಡಗಿದಳು. ಅವನ ಮಂಚವನ್ನು ಗಾಳಿಗೆಂದು ಜಗಲಿಗೆ ತಂದಳು. ಸುತ್ತ ಕೆಮ್ಮಿನ ಗಿಡಗಳನ್ನೇ ಇಟ್ಟಳು: ದೊಡ್ಡಪತ್ರೆ, ಆಡುಸೋಗೆ, ತುಳಸಿ. ಗೆಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿದ ಕಡ್ಡಿ ನೆಟ್ಟು, ಬೇರು ಹಿಡಿಯುವವರೆಗೆ ನೆರಳಲ್ಲಿಟ್ಟು, ಆಮೇಲೆ ಬೆಳಗಿನ ಬಿಸಿಲಿಗೆ ಸರಿಸುತ್ತಿದ್ದಳು. ಹೊಸ ಡಬ್ಬಗಳಿಗೆ ಹೊಸ ಮರಳು ಬೇಕಾಯಿತು. ಗಂಡನ ಜೊತೆ ಕೆಲಸ ಮಾಡುತ್ತಿದ್ದ ಸೆಲ್ಲಪ್ಪನ್ ತಂದುಕೊಡತೊಡಗಿದ.

ಒಂದು ಸಂಜೆ ಬೆಳ್ಳಿಯಪ್ಪ ಕೈ ಕಟ್ಟಿಕೊಂಡು ಕೂತೇ ಅತ್ತುಬಿಟ್ಟ. "ಹೆಂಗಸ್ರ ಸಂಪಾದನೇಲಿ ತಿನ್ನೋ ಹಂಗಾಯ್ತು" ಎಂದ. ಅವಳು ಎದ್ದು ಒಳಗೆ ಹೋದಳು. ದೊಡ್ಡ ಜರಡಿ ತಂದು ಒಂದು ಅಂಚನ್ನು ಅವನ ಕೈಗೆ ಕೊಟ್ಟಳು. "ಹಿಡಿಯಿರಿ, ಕೂತು ಮಾಡೋ ಕೆಲ್ಸ." ಆವತ್ತಿನಿಂದ ದಿನಾ ಸಂಜೆ ಇಬ್ಬರೂ ಎದುರುಬದುರು ಕೂತು ಮರಳು ಜರಡಿ ಹಿಡಿದರು. ಎರಡು ತಿಂಗಳು. ಅವನ ಮುಖಕ್ಕೆ ಕಳೆ ಬಂತು, ಕೆಮ್ಮು ಮಾತ್ರ ಏರಿತು. ಕೊನೆಗೆ ಅವಳು ಅವನನ್ನು ಬಸ್ಸಿಗೆ ಹತ್ತಿಸಿ ಕೋವೈನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು.

ಅಲ್ಲಿನ ಚಿಕ್ಕ ವಯಸ್ಸಿನ ಡಾಕ್ಟರು ಅವನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಏನು ಕೆಲಸ ಮಾಡುತ್ತಿದ್ದರು ಎಂದು ಅವಳನ್ನು ತಮಿಳಿನಲ್ಲಿ ಕೇಳಿದರು. ಹೇಳಿದಳು. ಇದು ಕ್ಷಯವೇ ಅಲ್ಲಮ್ಮಾ, ಅಚ್ಚಿನ ಮರಳಿನ ಧೂಳು, ಕಣ್ಣಿಗೂ ಕಾಣದಷ್ಟು ಸಣ್ಣದು, ಒಳಗೆ ಹೋದದ್ದು ಹೊರಗೆ ಬರುವುದಿಲ್ಲ ಎಂದರು ಅವರು. ಉಸಿರು ಉಳಿದಿರುವುದೇ ಸ್ವಲ್ಪ, ಇನ್ನೊಂದು ಚಿಟಿಕೆ ಧೂಳೂ ಅವರ ಮೂಗಿಗೆ ಹೋಗಬಾರದು.

ಸಾಮಿಯಾತಾಳ್ ತಲೆಯಾಡಿಸಿದಳು. ಜರಡಿಯ ಮಾತು ಬಾಯಿಗೆ ಬಂತು, ನುಂಗಿಕೊಂಡಳು. ಬಸ್ಸಿನಲ್ಲಿ ಅವನು ಅವಳ ಭುಜಕ್ಕೆ ಒರಗಿ ನಿದ್ದೆ ಹೋದ. ನಿನ್ನೆ ಸಂಜೆ ಓರೆ ಬಿಸಿಲಲ್ಲಿ ಧೂಳು ಎದ್ದದ್ದು, ಅದು ಮುಖಕ್ಕೇ ಬಂದಾಗ ಅವನು ನಕ್ಕು ಜರಡಿಯನ್ನು ಇನ್ನೂ ಜೋರಾಗಿ ಆಡಿಸಿದ್ದು ಅವಳಿಗೆ ನೆನಪಾಗುತ್ತಲೇ ಇತ್ತು. ಎಂಥ ಪಾಪಿ ನಾನು ಎಂದುಕೊಂಡಳು.

ಶನಿವಾರ ಸೆಲ್ಲಪ್ಪನ್ ಗೋಣಿ ತಂದಾಗ ಬಾಗಿಲಲ್ಲೇ ತಡೆದು ವಾಪಸು ಕಳಿಸಿದಳು. ಜರಡಿಯನ್ನು ಒಲೆಗೆ ಹಾಕಿದಳು. ಹೊಸ ಕಡ್ಡಿ ನೆಡಲಿಲ್ಲ. ಬೆಳ್ಳಿಯಪ್ಪ ಮಂಚದಿಂದ ಇದನ್ನೆಲ್ಲ ನೋಡುತ್ತಿದ್ದ. ಮೂರನೇ ದಿನ ಅವಳು ಕೊಟ್ಟ ಆಡುಸೋಗೆ ಕಷಾಯವನ್ನು ಪಕ್ಕಕ್ಕಿಟ್ಟ.

"ಗಿಡ ನೆಡೋದ್ ಯಾಕೆ ನಿಲ್ಲಿಸ್ದೆ?"

"ಸುಮ್ಮಾ."

"ಇವು ಬೇರು ಹಿಡಿಯೋವರೆಗೂ ನಾನು ಇರಲ್ಲ ಅಂದ್ರಾ ಡಾಕ್ಟ್ರು? ಅದಕ್ಕೇ ಕೈ ಬಿಟ್ಟೆಯಾ?"

ಅವಳಿಗೆ ಇನ್ನು ತಡೆಯಲಾಗಲಿಲ್ಲ. ನಿಜ ಹೇಳಿದರೆ ತನ್ನ ಕೈಯಾರೆ ಮಾಡಿದ್ದು ಅವನಿಗೆ ಗೊತ್ತಾಗುತ್ತದೆ. ಹೇಳದಿದ್ದರೆ ಹೆಂಡತಿಯೇ ಕೈಬಿಟ್ಟಳೆಂದುಕೊಂಡು ಸಾಯುತ್ತಾನೆ. ಮಂಚದ ಕಾಲು ಹಿಡಿದು ಕೂತು ಹೇಳಿಬಿಟ್ಟಳು. "ಏನುಂಗ, ಆ ಮರಳೇ ನಿಮ್ಮನ್ನ ತಿಂದದ್ದು. ನಾನು ಅದನ್ನೇ ತಂದು ಮಂಚದ್ ಹತ್ರ ಜರಡಿ ಹಿಡಿಸ್ದೆ. ನನ್ ಕೈ ಮುರ್ದೋಗ."

ಅವನು ಬಯ್ಯಲೆಂದು ಕಾದಳು. ಬಯ್ಯಲಿಲ್ಲ. ಡಬ್ಬಗಳ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದ. ಆಮೇಲೆ ಅವಳ ಕಡೆ ತಿರುಗಿದ, ಮುಖ ಬಿಳುಚಿಕೊಂಡಿತ್ತು.

"ನಾನು ನಿನ್ ಜೊತೆ ಹಿಡಿದದ್ದು ಎರಡು ತಿಂಗಳು" ಎಂದ. "ನೀನು ಹನ್ನೊಂದು ವರ್ಷ ಹಿಡಿದೆ. ಪ್ರತಿ ಶನಿವಾರ ನಾನೇ ತಂದ್ಕೊಟ್ಟೆ."

ಅವಳು ಅದನ್ನು ಯೋಚಿಸಿಯೇ ಇರಲಿಲ್ಲ.

"ಇತ್ತ ಬಾ, ತಿರುಗಿ ಕೂರು. ಮೂಚ್ಚು ಎಳಿ, ಜೋರಾಗಿ."

ತಿರುಗಿ ಕೂತಳು. ಅವನು ಬಗ್ಗಿ ಅವಳ ಬೆನ್ನಿಗೆ ಕಿವಿ ಇಟ್ಟ. ಅವಳು ಉಸಿರೆಳೆದಳು, ಬಿಟ್ಟಳು, ಮತ್ತೆ ಎಳೆದಳು.

"ಏನಾದ್ರೂ ಕೇಳುತ್ತಾ?" ಎಂದು ಕೇಳಿದಳು.

ಅವನ ಎದೆ ಕೊಯ್ಯೆನ್ನುತ್ತಿತ್ತು. ಆ ಸದ್ದನ್ನು ನಿಲ್ಲಿಸಲು ಅವನು ಬಾಯಿ ಮುಚ್ಚಿ ಉಸಿರು ಹಿಡಿದ, ಆದರೆ ಹಿಡಿದಷ್ಟೂ ಕೆಮ್ಮು ಒತ್ತರಿಸಿ ಬಂತು. ಮತ್ತೆ ಕಿವಿ ಇಟ್ಟ. ಎಷ್ಟು ಸಲ ಇಟ್ಟರೂ ಅವನಿಗೆ ಕೇಳಿಸಿದ್ದು ತನ್ನದೇ ಸದ್ದು.

"ಇನ್ನೊಂದ್ಸಲ" ಎಂದ. ಅವಳು ಉಸಿರೆಳೆದಳು.